ಸೂಚನಾ ದೀಪಕ್ಕೆ ಈ ಅವಸರವೇಕೆ?

ಬೆಂಗಳೂರಿನ ಜೆ. ಸಿ. ರಸ್ತೆಯಲ್ಲಿ ಸಂಜೆಯ ಹೊತ್ತು ನಡೆದುಹೋಗುವವರಿಗೆ ಈ ನೋಟ ಹೊಸದಲ್ಲ. ಇಕ್ಕೆಲದಲ್ಲಿಯೂ ಮೋಟಾರಿನ ಬಿಡಿಭಾಗಗಳ ಅಂಗಡಿಗಳು. ಅಂಗಡಿಗಳ ಮುಂದೆ ಬಾಗಿಲು ತೆರೆದು ನಿಂತ ಕಾರುಗಳು. ಕಾರಿನ ಹಿಂಬದಿಯಲ್ಲಿ ಸ್ಕ್ರೂ ಡ್ರೈವರ್ ಹಿಡಿದು ಕುಳಿತ ಹುಡುಗ. ಗಾಡಿಯ ಯಜಮಾನರು ಹಳೆಯ ದೀಪಗಳನ್ನು ತೆಗೆಸಿ, ಕಣ್ಣು ಕೋರೈಸುವ ಹೊಸ ಎಲ್. ಇ. ಡಿ. ದೀಪಗಳನ್ನು ಹಾಕಿಸಿಕೊಂಡಿದ್ದಾರೆ. ಕೆಲಸ ಮುಗಿಯಿತು. ಯಜಮಾನರು ಚಾಲಕನ ಆಸನದಲ್ಲಿ ಕುಳಿತು, ಸ್ಟಿಯರಿಂಗಿನ ಪಕ್ಕದ ಕಡ್ಡಿಯನ್ನು ಎಡಕ್ಕೆ ಒತ್ತುತ್ತಾರೆ. ದೀಪವೇನೋ ಹತ್ತಿತು. ಆದರೆ ನಿಧಾನವಾಗಿ, ಗಂಭೀರವಾಗಿ ಮಿನುಗಬೇಕಾದ ಇಂಡಿಕೇಟರು ಹುಚ್ಚು ಹಿಡಿದಂತೆ ಪಟಪಟನೆ ಮಿಟುಕಿಸಲಾರಂಭಿಸುತ್ತದೆ.

“ಸಾರ್, ಬಲ್ಬು ಚೆನ್ನಾಗಿದೆ. ನಿಮ್ಮ ಗಾಡಿಯ ರಿಲೇನೇ ಹೋಗಿರಬೇಕು” ಎನ್ನುತ್ತಾನೆ ಹುಡುಗ.

“ಬೆಳಗಿನವರೆಗೂ ಚೆನ್ನಾಗಿದ್ದ ರಿಲೇ ನಿನ್ನ ಬಲ್ಬು ಹಾಕಿದ ಕೂಡಲೇ ಹೋಯಿತೇನಪ್ಪಾ?” ಎಂದು ಯಜಮಾನರು ಸಿಡುಕುತ್ತಾರೆ.

ನಿಜವನ್ನು ನೋಡಿದರೆ ಇಬ್ಬರ ಊಹೆಯೂ ತಪ್ಪು. ಬಲ್ಬೂ ಕೆಟ್ಟಿಲ್ಲ, ರಿಲೇಯೂ ಕೆಟ್ಟಿಲ್ಲ. ಎರಡೂ ತಂತಮ್ಮ ಧರ್ಮವನ್ನು ಚಾಚೂ ತಪ್ಪದೆ ಪಾಲಿಸುತ್ತಿವೆ. ಆದರೆ ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದಾಗಿದೆ. ಈ ಅವಸರದ ಮಿಣುಕು ರೋಗವಲ್ಲ, ಅದೊಂದು ಎಚ್ಚರಿಕೆ. ಎಚ್ಚರಿಕೆಯ ಅರ್ಥವನ್ನು ತಿಳಿಯದೆ ಅದರ ಬಾಯಿ ಮುಚ್ಚಿಸ ಹೊರಟರೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಗಾದೆಯೇ ಆದೀತು.

ಕೈಯಿಂದ ದೀಪಕ್ಕೆ

ಹಿಂದೆ ಬರುವವನಿಗೆ ‘ನಾನು ಇತ್ತ ತಿರುಗುತ್ತೇನೆ’ ಎಂದು ತಿಳಿಸಬೇಕಾದ ಅಗತ್ಯ ಗಾಡಿಯಷ್ಟೇ ಹಳೆಯದು. ಮೊದಲು ಆ ಕೆಲಸಕ್ಕೆ ಕೈಯೇ ಸಾಕಾಗಿತ್ತು. ಇಂದಿಗೂ ನಮ್ಮ ಆಟೋರಿಕ್ಷಾ ಚಾಲಕರಲ್ಲಿ ಕೆಲವರು ಕೈಯನ್ನೋ, ಒಮ್ಮೊಮ್ಮೆ ಕಾಲನ್ನೋ ಹೊರಚಾಚಿ ಆ ಪರಂಪರೆಯನ್ನು ಉಳಿಸಿಕೊಂಡು ಬಂದಿದ್ದಾರೆ! ಮುಂದೆ ಗಾಡಿಗೇ ಒಂದು ಪುಟ್ಟ ಕೈ ಬಂದಿತು. ಮಾರಿಸ್ ಮೈನರಿನಂತಹ ಹಳೆಯ ಇಂಗ್ಲಿಷ್ ಕಾರುಗಳಲ್ಲಿ ಬಾಗಿಲ ಪಕ್ಕದ ಕಂಬದಿಂದ ಕಿರಿದೊಂದು ತೋಳು, ರೈಲ್ವೆಯ ಕೈಮರದಂತೆ, ಸಟ್ಟನೆ ಹೊರಚಾಚಿಕೊಳ್ಳುತ್ತಿತ್ತು. ಅಮೆರಿಕದ ಬ್ಯೂಯಿಕ್ ಕಂಪನಿಯು 1939ರಲ್ಲಿ ತನ್ನ ಕಾರುಗಳಿಗೆ ಮಿನುಗುವ ದೀಪವನ್ನು ಅಳವಡಿಸಿತು. ಕಾಲಕ್ರಮದಲ್ಲಿ ತೋಳು ಮರೆಯಾಯಿತು, ದೀಪ ಉಳಿಯಿತು.

ದೀಪ ಸುಮ್ಮನೆ ಉರಿಯದೆ ಮಿನುಗುವುದೇಕೆ? ನೂರು ದೀಪಗಳ ನಡುವೆ ನಿಶ್ಚಲವಾದ ಇನ್ನೊಂದು ದೀಪ ಕಣ್ಣಿಗೆ ಬೀಳುವುದಿಲ್ಲ. ಹತ್ತಿ ಆರುವ ದೀಪ ಕಣ್ಣನ್ನು ತಾನಾಗಿ ಸೆಳೆಯುತ್ತದೆ. ಆದರೆ ಆ ಮಿಣುಕಿಗೂ ಒಂದು ಲಯವುಂಟು. ವಾಹನದ ದೀಪಗಳನ್ನು ಕುರಿತ ಅಂತರರಾಷ್ಟ್ರೀಯ ನಿಯಮದಂತೆ ಅದು ನಿಮಿಷಕ್ಕೆ 60ಕ್ಕೆ ಕಡಮೆಯಿಲ್ಲದೆ, 120ಕ್ಕೆ ಮೀರದೆ ಮಿನುಗಬೇಕು. ಹೆಚ್ಚುಕಡಮೆ ಮನುಷ್ಯನ ನಾಡಿಯ ವೇಗವೆನ್ನಬಹುದು. ತೀರ ನಿಧಾನವಾದರೆ ಹಿಂದಿನವನು ಒಂದು ಮಿಣುಕನ್ನು ನೋಡುವ ಮೊದಲೇ ಹತ್ತಿರ ಬಂದುಬಿಡುತ್ತಾನೆ. ತೀರ ವೇಗವಾದರೆ ಬೆಳಕು ಬರಿಯ ನಡುಕವಾಗಿ ತೋರಿ ಅರ್ಥವನ್ನೇ ಕಳೆದುಕೊಳ್ಳುತ್ತದೆ.

ಒಳಗಿನ ಕಾವಲುಗಾರ

ಈ ಲಯವನ್ನು ಕಾಯುವ ಪುಟ್ಟ ಯಂತ್ರಕ್ಕೆ ಫ್ಲಾಷರ್ ರಿಲೇ ಎಂದು ಹೆಸರು. ಬೆಂಕಿಪೊಟ್ಟಣಕ್ಕಿಂತ ದೊಡ್ಡದಲ್ಲದ ಈ ಡಬ್ಬಿಯಿಂದಲೇ ಹಿಂದೆ ‘ಟಿಕ್ ಟಿಕ್’ ಎಂಬ ಸದ್ದು ಹೊರಡುತ್ತಿದ್ದುದು.

ಅತಿ ಹಳೆಯ ಬಗೆಯ ಫ್ಲಾಷರಿನಲ್ಲಿ ಎರಡು ಬೇರೆ ಬೇರೆ ಲೋಹಗಳನ್ನು ಬೆಸೆದು ಮಾಡಿದ ಒಂದು ಪಟ್ಟಿಯಿರುತ್ತಿತ್ತು. ದೀಪಕ್ಕೆ ಹೋಗುವ ವಿದ್ಯುತ್ತು ಆ ಪಟ್ಟಿಯ ಮೂಲಕವೇ ಹೋಗಬೇಕು. ಹೋಗುವಾಗ ಪಟ್ಟಿ ಕಾಯುತ್ತದೆ, ಕಾದಾಗ ಬಾಗುತ್ತದೆ, ಬಾಗಿದಾಗ ಸಂಪರ್ಕ ತಪ್ಪಿ ದೀಪ ಆರುತ್ತದೆ. ಪಟ್ಟಿ ತಣ್ಣಗಾಗಿ ನೆಟ್ಟಗಾದೊಡನೆ ದೀಪ ಮತ್ತೆ ಹತ್ತುತ್ತದೆ. ದೀಪಗಳಲ್ಲಿ ಒಂದು ಸುಟ್ಟುಹೋದರೆ ವಿದ್ಯುತ್ತು ಅರ್ಧಕ್ಕಿಳಿದು, ಪಟ್ಟಿ ಬೇಗ ಕಾಯಲಾರದು. ಆಗ ಮಿಣುಕು ನಿಧಾನವಾಗುತ್ತಿತ್ತು, ಇಲ್ಲವೆ ದೀಪ ಆರದೆ ಹಾಗೆಯೇ ಉರಿಯುತ್ತಿತ್ತು. ಲಯ ಕೆಟ್ಟುದನ್ನು ಕಂಡು ಚಾಲಕನು ‘ಎಲ್ಲೋ ಒಂದು ದೀಪ ಹೋಗಿದೆ’ ಎಂದು ತಿಳಿದುಕೊಳ್ಳುತ್ತಿದ್ದನು.

ಮುಂದೆ ಎಲೆಕ್ಟ್ರಾನಿಕ್ ಫ್ಲಾಷರು ಬಂದಾಗ ಈ ಸೂಚನೆಯನ್ನು ಬೇಕೆಂದೇ ಉಳಿಸಿಕೊಂಡರು; ಅಷ್ಟೇ ಅಲ್ಲ, ಇನ್ನಷ್ಟು ಸ್ಪಷ್ಟಗೊಳಿಸಿದರು. ದೀಪಗಳಿಗೆ ಹೋಗುವ ವಿದ್ಯುತ್ತು ದಾಟಬೇಕಾದ ದಾರಿಯಲ್ಲಿ ಅತ್ಯಲ್ಪ ರೋಧವುಳ್ಳ ಒಂದು ತುಣುಕನ್ನಿಟ್ಟು, ಎಷ್ಟು ವಿದ್ಯುತ್ತು ಹರಿಯುತ್ತಿದೆಯೆಂಬುದನ್ನು ಒಂದು ಚಿಪ್ಪು ಅಳೆಯುತ್ತದೆ. ಹರಿವು ಗೊತ್ತಾದ ಮಟ್ಟಕ್ಕಿಂತ ಕೆಳಗಿಳಿದರೆ, ಒಂದು ದೀಪ ಕಳಚಿಕೊಂಡಿದೆಯೆಂದು ಬಗೆದು ಅದು ಮಿಣುಕಿನ ವೇಗವನ್ನು ಹೆಚ್ಚುಕಡಮೆ ಇಮ್ಮಡಿಗೊಳಿಸುತ್ತದೆ. ಸೂಚನಾ ದೀಪ ಕೆಟ್ಟರೆ ಅದು ಚಾಲಕನಿಗೆ ತಿಳಿಯುವಂತಿರಬೇಕೆಂದು ಅಂತರರಾಷ್ಟ್ರೀಯ ನಿಯಮವೂ ಹೇಳುತ್ತದೆ. ತನ್ನ ಗಾಡಿಯ ಹಿಂಬದಿಯನ್ನು ಆಸನದಲ್ಲಿ ಕುಳಿತವನು ಕಾಣಲಾರನಷ್ಟೆ. ಅವನ ಪರವಾಗಿ ಹಿಂದಿನ ದೀಪವನ್ನು ಕಾಯುವ ಕಾವಲುಗಾರನೇ ಈ ಯಂತ್ರ.

ಇತ್ತೀಚಿನ ಅನೇಕ ಕಾರುಗಳಲ್ಲಿ ಪ್ರತ್ಯೇಕ ಡಬ್ಬಿಯಿಲ್ಲ. ಗಾಡಿಯ ದೀಪ, ಬೀಗ, ಕಿಟಕಿಗಳನ್ನೆಲ್ಲ ಆಳುವ ಒಂದು ಕಂಪ್ಯೂಟರೇ ಈ ಲೆಕ್ಕವನ್ನೂ ನೋಡಿಕೊಳ್ಳುತ್ತದೆ. ‘ಟಿಕ್ ಟಿಕ್’ ಸದ್ದು ಅಲ್ಲಿ ಧ್ವನಿವರ್ಧಕದಿಂದ ಬರುವ ಅನುಕರಣೆ. ತತ್ತ್ವ ಮಾತ್ರ ಅದೇ.

ಮಿತಾಹಾರಿ ದೀಪ

ಈಗ ಹೊಸ ದೀಪದ ಸ್ವಭಾವವನ್ನು ನೋಡೋಣ. ಹಳೆಯ ಬಲ್ಬಿನಲ್ಲಿ ಟಂಗ್‌ಸ್ಟನ್ ಎಳೆಯೊಂದು ಕಾದು ಕೆಂಪಾಗಿ, ಬಿಳುಪಾಗಿ ಬೆಳಗುತ್ತದೆ. ತಿಂದ ವಿದ್ಯುತ್ತಿನ ಬಹುಪಾಲನ್ನು ಅದು ಶಾಖವಾಗಿಯೇ ಕಳೆದುಬಿಡುತ್ತದೆ. ಎಲ್. ಇ. ಡಿ. ಎಂದರೆ ಬೆಳಕು ಸೂಸುವ ಡಯೋಡು. ಅಲ್ಲಿ ಕಾಯುವ ಎಳೆಯೇ ಇಲ್ಲ. 1962ರಲ್ಲಿ ಅಮೆರಿಕದ ನಿಕ್ ಹೊಲೊನ್ಯಾಕ್ ಕಣ್ಣಿಗೆ ಕಾಣುವ ಕೆಂಪು ಬೆಳಕಿನ ಡಯೋಡನ್ನು ಮಾಡಿ ತೋರಿಸಿದರು. ನೀಲಿ ಬೆಳಕಿನ ಡಯೋಡಿಗಾಗಿ ಜಪಾನಿನಲ್ಲಿ ಹುಟ್ಟಿದ ಅಕಸಾಕಿ, ಅಮಾನೊ, ನಕಮುರಾ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅಂದು ಪ್ರಯೋಗಶಾಲೆಯ ಕೌತುಕವಾಗಿದ್ದ ವಸ್ತು ಇಂದು ಬೀದಿಯ ಅಂಗಡಿಯಲ್ಲಿ ಜೋಡಿಯ ಲೆಕ್ಕದಲ್ಲಿ ಮಾರಾಟವಾಗುತ್ತಿದೆ.

ಕಾರಿನ ಸಾಮಾನ್ಯ ಇಂಡಿಕೇಟರ್ ಬಲ್ಬು 21 ವಾಟಿನದು. 12 ವೋಲ್ಟಿನ ಬ್ಯಾಟರಿಯಲ್ಲಿ ಅದು ಸುಮಾರು 1.75 ಆಂಪಿಯರ್ ವಿದ್ಯುತ್ತನ್ನು ಸೆಳೆಯುತ್ತದೆ. ಒಂದು ಬದಿಯ ಹಿಂದು ಮುಂದಿನ ಎರಡು ಬಲ್ಬುಗಳಿಗೆ ಮೂರೂವರೆ ಆಂಪಿಯರ್ ಆಯಿತು. ಅದೇ ಸ್ಥಾನಕ್ಕೆ ಬಂದ ಎಲ್. ಇ. ಡಿ. ದೀಪಕ್ಕೆ ಎರಡು ಮೂರು ವಾಟ್ ಸಾಕು. ಅಂದರೆ ಆಂಪಿಯರಿನ ಐದರಲ್ಲೊಂದು ಪಾಲು. ಹಿಂದಿನ ದೀಪವನ್ನಷ್ಟೇ ಬದಲಾಯಿಸಿದರೂ ಮೂರೂವರೆ ಇದ್ದ ಹರಿವು ಎರಡಕ್ಕಿಂತ ಕೆಳಗಿಳಿಯುತ್ತದೆ. ಒಂದು ಬಲ್ಬು ಸುಟ್ಟುಹೋದಾಗಲೂ ಹರಿವು ಇಳಿಯುವುದು ಹೆಚ್ಚುಕಡಮೆ ಅಷ್ಟಕ್ಕೇ! ಬಲ್ಬು ಸತ್ತಿತೋ, ಮಿತಾಹಾರಿಯಾಯಿತೋ ಎಂಬ ಭೇದವನ್ನು ರಿಲೇ ಅರಿಯದು. ಅದಕ್ಕೆ ಕಣ್ಣಿಲ್ಲ, ಹರಿವನ್ನು ಅಳೆಯುವುದೊಂದೇ ಅದಕ್ಕೆ ಗೊತ್ತು. ‘ದೀಪ ಹೋಗಿದೆ, ದೀಪ ಹೋಗಿದೆ’ ಎಂದು ಅದು ಪ್ರಾಮಾಣಿಕವಾಗಿಯೇ ಕೂಗಿಕೊಳ್ಳುತ್ತದೆ.

ಚಿಕಿತ್ಸೆಗೆ ಮುನ್ನ ಪರೀಕ್ಷೆ

ಕಾರಣ ತಿಳಿಯಿತೆಂದು ಒಡನೆಯೇ ಅಂಗಡಿಗೆ ಓಡಬೇಕಾಗಿಲ್ಲ. ಕೂಗು ಸುಳ್ಳೋ ನಿಜವೋ ಎಂಬುದನ್ನು ಮೊದಲು ಪರೀಕ್ಷಿಸಬೇಕು. ಹೊಸ ದೀಪಗಳನ್ನು ತೆಗೆದು ಹಳೆಯವನ್ನೇ ಮತ್ತೆ ಹಾಕಿ ನೋಡುವುದು ಎಲ್ಲಕ್ಕಿಂತ ಸುಲಭದ ಉಪಾಯ. ಲಯ ಮೊದಲಿನಂತಾದರೆ ರಿಲೇ ಸರಿಯಾಗಿದೆ, ದೋಷವೆಲ್ಲ ಹರಿವು ಕಡಮೆಯಾದುದರದು. ಹಳೆಯ ಬಲ್ಬು ಹಾಕಿದರೂ ಅವಸರ ತಗ್ಗದಿದ್ದರೆ ಬೇರೆ ಕಾರಣವನ್ನು ಹುಡುಕಬೇಕು. ಹೋಲ್ಡರಿನಲ್ಲಿ ತುಕ್ಕು ಹಿಡಿದಿರಬಹುದು, ಅರ್ಥ್ ತಂತಿ ಸಡಿಲವಾಗಿರಬಹುದು, ಇಲ್ಲವೆ ಇನ್ನೊಂದು ಮೂಲೆಯ ಬಲ್ಬು ನಿಜವಾಗಿಯೇ ಸುಟ್ಟಿರಬಹುದು. ಮಳೆಗಾಲ ಕಳೆದ ಮೇಲೆ ಮಲೆನಾಡು, ಕರಾವಳಿಗಳ ಗಾಡಿಗಳಲ್ಲಿ ತುಕ್ಕಿನ ಬಾಧೆ ಸಾಮಾನ್ಯವೆಂಬುದನ್ನು ಅಲ್ಲಿಯವರಿಗೆ ಹೇಳಬೇಕಾಗಿಲ್ಲ.

ಹೊಸ ದೀಪ ಹತ್ತದೆಯೇ ಹೋದರೆ ಅದನ್ನು ಕೆಟ್ಟದೆಂದು ಎಸೆಯುವ ಮೊದಲು ಇನ್ನೊಂದು ಮಾತನ್ನು ನೆನೆಯಬೇಕು. ಡಯೋಡು ಒಮ್ಮುಖದ ದಾರಿ. ಹಳೆಯ ಬಲ್ಬಿಗೆ ಧನ ಋಣಗಳ ಭೇದವಿರಲಿಲ್ಲ; ಇದಕ್ಕುಂಟು. ಬುಡ ಚಪ್ಪಟೆಯಾಗಿರುವ ದೀಪವಾದರೆ ಅದನ್ನು ಹೊರತೆಗೆದು, ಅರ್ಧ ಸುತ್ತು ತಿರುಗಿಸಿ ಮತ್ತೆ ಕೂರಿಸಿದರೆ ಹಲವು ಸಲ ಅಷ್ಟರಿಂದಲೇ ಬೆಳಗುತ್ತದೆ.

ಎರಡು ಮದ್ದುಗಳು

ಮೊದಲನೆಯ ಮದ್ದು ರಿಲೇಯನ್ನೇ ಬದಲಾಯಿಸುವುದು. ಹರಿವನ್ನು ಲೆಕ್ಕಿಸದೆ, ಗಡಿಯಾರದಂತೆ ತನ್ನ ಪಾಡಿಗೆ ತಾನು ಲಯ ಹಿಡಿಯುವ ಎಲೆಕ್ಟ್ರಾನಿಕ್ ರಿಲೇಗಳು ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಪ್ರತ್ಯೇಕ ರಿಲೇ ಇರುವ ಗಾಡಿಗೆ ಇದೇ ಉತ್ತಮ ಮಾರ್ಗ. ತಂತಿ ಕತ್ತರಿಸಬೇಕಾಗಿಲ್ಲ, ಶಾಖದ ಭಯವಿಲ್ಲ, ಎಲ್. ಇ. ಡಿ.ಯಿಂದಾಗುವ ಉಳಿತಾಯಕ್ಕೂ ಭಂಗವಿಲ್ಲ. ಆದರೆ ಕೊಳ್ಳುವಾಗ ಹಳೆಯ ರಿಲೇಯನ್ನು ಕೈಯಲ್ಲಿ ಹಿಡಿದೇ ಹೋಗಬೇಕು. ಕಡ್ಡಿಗಳ ಸಂಖ್ಯೆ ಒಂದೇ ಆಗಿದ್ದರೂ ಅವುಗಳ ಕ್ರಮ ಬೇರೆಯಿರಬಹುದು. ಬ್ಯಾಟರಿಯ ಕಡ್ಡಿಗೆ ಬಿ, ದೀಪದ ಕಡ್ಡಿಗೆ ಎಲ್, ಅರ್ಥಿನ ಕಡ್ಡಿಗೆ ಇ ಎಂಬ ಗುರುತು ಕೆಲವುದರಲ್ಲಿ; 49, 49ಎ, 31 ಎಂಬ ಅಂಕಿಗಳು ಇನ್ನು ಕೆಲವುದರಲ್ಲಿ. ಈ ಗುರುತುಗಳನ್ನು ತಾಳೆ ನೋಡದೆ ಚುಚ್ಚಿದರೆ ಹೊಸ ರಿಲೇ ಕ್ಷಣದಲ್ಲಿ ಹಾಳಾದೀತು.

ಎರಡನೆಯ ಮದ್ದು ಲೋಡ್ ರೆಸಿಸ್ಟರ್. ದೀಪ ತಿನ್ನದೆ ಬಿಟ್ಟ ವಿದ್ಯುತ್ತನ್ನು ತಾನು ತಿಂದು, ಹರಿವನ್ನು ಹಳೆಯ ಮಟ್ಟಕ್ಕೆ ತಂದು, ರಿಲೇಗೆ ಸಮಾಧಾನ ಹೇಳುವುದು ಇದರ ಕೆಲಸ. ಲೆಕ್ಕ ಸರಳವಾಗಿದೆ. 21 ವಾಟಿನ ಬಲ್ಬಿನ ಬದಲು 2 ವಾಟಿನ ದೀಪ ಬಂದರೆ 19 ವಾಟ್ ಖೋತಾ. ವೋಲ್ಟಿನ ವರ್ಗವನ್ನು, ಅಂದರೆ 144ನ್ನು, 19ರಿಂದ ಭಾಗಿಸಿದರೆ ಸುಮಾರು ಏಳೂವರೆ ಓಮ್ ಬರುತ್ತದೆ. ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು 6 ಓಮ್, 50 ವಾಟಿನದು. ಹೀಗೆ ಬದಲಾಯಿಸಿದ ಒಂದೊಂದು ದೀಪಕ್ಕೂ ಒಂದೊಂದು. ಅದನ್ನು ದೀಪದೊಡನೆ ಸಮಾಂತರವಾಗಿ, ಎಂದರೆ ಅದರ ಎರಡು ತಂತಿಗಳ ನಡುವೆ, ಜೋಡಿಸಬೇಕು. ದೀಪದ ದಾರಿಯಲ್ಲೇ ಸರಣಿಯಾಗಿ ಜೋಡಿಸಿದರೆ ಹರಿವು ಇನ್ನೂ ಕಡಮೆಯಾಗುವುದಲ್ಲದೆ ಬೇರೆ ಪ್ರಯೋಜನವಿಲ್ಲ.

ಇಲ್ಲಿಯೇ ಅಪಾಯವೊಂದು ಹೊಂಚಿ ಕುಳಿತಿದೆ. ತಿಂದ ವಿದ್ಯುತ್ತನ್ನೆಲ್ಲ ರೆಸಿಸ್ಟರು ಶಾಖವಾಗಿಯೇ ಹೊರಹಾಕಬೇಕು. ಎಂಜಿನ್ ಓಡುವಾಗ ವೋಲ್ಟೇಜು 14ರ ಸಮೀಪಕ್ಕೇರುವುದರಿಂದ 6 ಓಮಿನ ರೆಸಿಸ್ಟರು ಹತ್ತಿದಾಗಲೆಲ್ಲ ಸುಮಾರು 33 ವಾಟ್ ಶಾಖವನ್ನು ಉಗುಳುತ್ತದೆ. ಅರ್ಧ ಹೊತ್ತು ಹತ್ತಿ ಅರ್ಧ ಹೊತ್ತು ಆರುವುದೆಂದರೂ ಸರಾಸರಿ 16 ವಾಟ್ ಆಯಿತು. ಒಂದು ತಿರುವಿನ ಮಟ್ಟಿಗೆ ಇದು ಲೆಕ್ಕಕ್ಕಿಲ್ಲ. ಆದರೆ ಗಾಡಿ ಕೆಟ್ಟು ಘಾಟಿಯ ರಸ್ತೆಯ ಬದಿಯಲ್ಲಿ ರಾತ್ರಿ ನಿಂತಿದೆ, ನಾಲ್ಕೂ ದೀಪಗಳನ್ನು ಮಿನುಗಲು ಬಿಟ್ಟು ಒಂದು ಗಂಟೆಯಾಗಿದೆ ಎನ್ನಿ. ಆಗ ಆ ಪುಟ್ಟ ಲೋಹದ ತುಂಡು ಬೆರಳಿಟ್ಟರೆ ಬೊಬ್ಬೆಯೇಳುವಷ್ಟು ಕಾದಿರುತ್ತದೆ. ಅದನ್ನು ಪ್ಲಾಸ್ಟಿಕ್ ಬಂಪರಿನ ಹಿಂದೆಯೋ, ತಂತಿಯ ಕಂತೆಗೆ ಆನಿಸಿಯೋ, ಡಿಕ್ಕಿಯ ರತ್ನಗಂಬಳಿಯ ಅಡಿಯಲ್ಲೋ ಟೇಪು ಸುತ್ತಿ ಕೂರಿಸಿದ್ದರೆ ಪರಿಣಾಮವೇನೆಂಬುದನ್ನು ವಿವರಿಸಬೇಕಾಗಿಲ್ಲ. ಅದರ ಮೇಲೆ ಬರೆದ 50 ವಾಟಿನ ಶಕ್ತಿ ಅದನ್ನು ಲೋಹದ ತಗಡಿಗೆ ಬಿಗಿದಾಗ ಮಾತ್ರ ನಿಜ. ಗಾಡಿಯ ಲೋಹದ ಮೈಗೆ ಸ್ಕ್ರೂ ಹಾಕಿ ಬಿಗಿದು, ಸುತ್ತ ಗಾಳಿಯಾಡಲು ಬಿಟ್ಟು, ತಂತಿಗಳ ಕೂಡುಗಳನ್ನು ಬೆಸುಗೆ ಹಾಕಿಸಿಯೋ ಭದ್ರವಾಗಿ ಅದುಮಿಸಿಯೋ ಮುಗಿಸಬೇಕು. ಕೆಲಸಕ್ಕೆ ಕೈಹಚ್ಚುವ ಮೊದಲು ಬ್ಯಾಟರಿಯ ಋಣ ತಂತಿಯನ್ನು ಕಳಚಿಡುವುದು ಲೇಸು.

ರೆಸಿಸ್ಟರನ್ನು ಒಡಲೊಳಗೇ ಅಡಗಿಸಿಕೊಂಡ ದೀಪಗಳೂ ಬಂದಿವೆ. ಹಾಕುವುದು ಸುಲಭ, ಆದರೆ ಆ ಶಾಖವೆಲ್ಲ ದೀಪದ ಬುಡದಲ್ಲೇ ಉಳಿಯುವುದರಿಂದ ದೀಪದ ಆಯುಸ್ಸು ಕುಗ್ಗುತ್ತದೆ. ಶಾಖವೇ ಡಯೋಡಿನ ಹಗೆ.

ಎಲ್ಲವನ್ನೂ ಕಂಪ್ಯೂಟರು ಆಳುವ ಕಾರಿನ ಮಾತು ಬೇರೆ. ಅಲ್ಲಿ ಬದಲಾಯಿಸಲು ರಿಲೇಯೇ ಇಲ್ಲ. ಕೆಲವು ಕಾರುಗಳಲ್ಲಿ ‘ಇಲ್ಲಿರುವುದು ಎಲ್. ಇ. ಡಿ.’ ಎಂದು ಕಂಪ್ಯೂಟರಿಗೆ ತಿಳಿಸುವ ಅನುಕೂಲವುಂಟು. ಅದನ್ನು ಕಂಪನಿಯ ಸರ್ವಿಸ್ ಕೇಂದ್ರದಲ್ಲಿಯೇ ಮಾಡಿಸಬೇಕು. ಇಂತಹ ಕಾರುಗಳಲ್ಲಿ ದೀಪ ಆರಿದ್ದಾಗಲೂ ಎಲ್. ಇ. ಡಿ. ಮಂಕಾಗಿ ಮಿಣಮಿಣ ಎನ್ನುವುದುಂಟು. ಬಲ್ಬು ಜೀವಂತವಾಗಿದೆಯೇ ಎಂದು ಕಂಪ್ಯೂಟರು ಆಗಾಗ್ಗೆ ಕಳುಹಿಸುವ ಅತಿ ಸಣ್ಣ ವಿದ್ಯುತ್ ತುಣುಕುಗಳು ಹಳೆಯ ಎಳೆಯನ್ನು ಬೆಚ್ಚಗೂ ಮಾಡುತ್ತಿರಲಿಲ್ಲ. ಚುರುಕು ಡಯೋಡು ಅಷ್ಟಕ್ಕೇ ಕಣ್ಣು ತೆರೆಯುತ್ತದೆ.

ದ್ವಿಚಕ್ರದ ವಿಚಿತ್ರ

ಮೋಟಾರ್ ಸೈಕಲುಗಳಲ್ಲಿ ಇನ್ನೊಂದು ಬಗೆಯ ತೊಡಕು ಕಾಣಿಸಿಕೊಳ್ಳುತ್ತದೆ. ಹೊಸ ರಿಲೇ ಹಾಕಿದ ಮೇಲೂ, ಬಲಕ್ಕೆ ಒತ್ತಿದರೆ ನಾಲ್ಕೂ ದೀಪಗಳು ಒಟ್ಟಿಗೆ ಮಿನುಗುತ್ತವೆ! ಎಡಬಲಗಳೆರಡಕ್ಕೂ ಹ್ಯಾಂಡಲಿನ ಬಳಿ ಒಂದೇ ಸೂಚಕ ಬಲ್ಬು ಇರುವ ಗಾಡಿಗಳ ಪಾಡಿದು. ಆ ಬಲ್ಬಿನ ಒಂದು ತುದಿ ಎಡದ ತಂತಿಗೆ, ಇನ್ನೊಂದು ತುದಿ ಬಲದ ತಂತಿಗೆ ಸೇರಿರುತ್ತದೆ. ಬಲಬದಿ ಹತ್ತಿದಾಗ ವಿದ್ಯುತ್ತು ಈ ಬಲ್ಬಿನ ಮೂಲಕ ಎಡದ ದೀಪಗಳನ್ನು ಹಾಯ್ದು ಅರ್ಥ್ ಸೇರುತ್ತದೆ. ಎಡದಲ್ಲಿ 10 ವಾಟಿನ ಹಳೆಯ ಬಲ್ಬುಗಳಿದ್ದಾಗ ಆ ಅಲ್ಪ ಹರಿವಿಗೆ ಅವು ಮಿಸುಕುತ್ತಿರಲಿಲ್ಲ. ಎಲ್. ಇ. ಡಿ.ಗೆ ಅಷ್ಟೇ ಮೃಷ್ಟಾನ್ನ; ಒಡನೆ ಬೆಳಗಿಬಿಡುತ್ತದೆ.

ಇದಕ್ಕೆ ಪರಿಹಾರ ಅಗ್ಗದ ಎರಡು ಡಯೋಡುಗಳು. ಸೂಚಕ ಬಲ್ಬಿನ ಎರಡು ತಂತಿಗಳನ್ನೂ ಬಿಡಿಸಿ, ಎಡದ ತಂತಿಯಿಂದೊಂದು ಬಲದ ತಂತಿಯಿಂದೊಂದು ಡಯೋಡನ್ನು ಬಲ್ಬಿನ ಕಡೆಗೆ ಮುಖ ಮಾಡಿ ತಂದು, ಎರಡನ್ನೂ ಬಲ್ಬಿನ ಒಂದೇ ತುದಿಗೆ ಸೇರಿಸಿ, ಇನ್ನೊಂದು ತುದಿಯನ್ನು ಅರ್ಥಿಗೆ ಕೊಡಬೇಕು. ಎತ್ತಣಿಂದ ಬಂದರೂ ವಿದ್ಯುತ್ತು ಸೂಚಕವನ್ನು ಬೆಳಗುತ್ತದೆ, ಎದುರು ಬದಿಗೆ ದಾಟಲಾರದು. ಇದನ್ನು ಅಲಕ್ಷಿಸಿ ಓಡಾಡುವವರಿದ್ದಾರೆ. ನಾಲ್ಕೂ ದೀಪ ಮಿನುಗುವ ಬೈಕಿನ ಹಿಂದೆ ಬರುವ ಲಾರಿಯವನು, ಇವನು ಎಡಕ್ಕೆ ಸರಿಯುತ್ತಾನೆಂದು ಬಗೆಯಬೇಕೋ ಬಲಕ್ಕೆ ತಿರುಗುತ್ತಾನೆಂದು ಬಗೆಯಬೇಕೋ? ಹೀಗೆ ಎರಡು ಅರ್ಥ ಕೊಡುವ ಮಾತು ಕಾವ್ಯದಲ್ಲಿ ಶ್ಲೇಷೆಯೆನಿಸೀತು. ರಸ್ತೆಯ ಮೇಲೆ ಅದು ಪ್ರಾಣಕ್ಕೇ ಎರವಾದೀತು.

ಪಡೆದದ್ದು, ಕಳೆದದ್ದು

ಇಷ್ಟೆಲ್ಲ ತೊಂದರೆಯಿರುವಾಗ ಹೊಸ ದೀಪವೇ ಬೇಡವೆನ್ನೋಣವೇ? ಹಾಗೆನ್ನುವುದು ನ್ಯಾಯವಲ್ಲ. ಎಲ್. ಇ. ಡಿ. ಒತ್ತಿದ ಕ್ಷಣದಲ್ಲಿ ಪೂರ್ಣವಾಗಿ ಬೆಳಗುತ್ತದೆ. ಹಳೆಯ ಎಳೆ ಕಾದು ಬೆಳಗುವುದಕ್ಕೆ ಸೆಕೆಂಡಿನ ಐದರಲ್ಲೊಂದು ಪಾಲು ಬೇಕು. ಗಂಟೆಗೆ 100 ಕಿಲೋಮೀಟರ್ ವೇಗದ ಗಾಡಿ ಅಷ್ಟರಲ್ಲಿ ಐದು ಮೀಟರಿಗೂ ಹೆಚ್ಚು ಮುಂದೆ ಬಂದಿರುತ್ತದೆ. ಅಲುಗಾಟವನ್ನು ತಾಳುವ ಶಕ್ತಿಯೂ ಎಲ್. ಇ. ಡಿ.ಗೆ ಹೆಚ್ಚು. ಆದರೆ ಎಳೆಯ ಬಲ್ಬಿಗಾಗಿ ಕಡೆದ ಕನ್ನಡಿಯ ಗೂಡಿನಲ್ಲಿ ಎಲ್ಲ ಎಲ್. ಇ. ಡಿ.ಗಳೂ ಒಂದೇ ಸಮನೆ ಬೆಳಕು ಹರಡಲಾರವು. ಎದುರಿಗೆ ಪ್ರಖರವಾಗಿ ಕಂಡದ್ದು ಪಕ್ಕದಿಂದ ಮಂಕಾಗಿರಬಹುದು. ಆದುದರಿಂದ ಹಾಕಿಸಿದ ಮೇಲೆ ಬಿಸಿಲಿನಲ್ಲಿ ಹತ್ತು ಹೆಜ್ಜೆ ದೂರ ನಿಂತು, ನೇರದಿಂದಲೂ ಓರೆಯಿಂದಲೂ ನೋಡಬೇಕು. ಸೂಚನಾ ದೀಪದ ಬಣ್ಣ ಕಿತ್ತಳೆಹಳದಿಯೇ ಆಗಿರಬೇಕು. ಅಂದಕ್ಕಾಗಿ ಬಿಳಿಯನ್ನೋ ನೀಲಿಯನ್ನೋ ಹಾಕಿಸುವುದು ಸಲ್ಲದು.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದು ಉಳಿದಿದೆ. ರಿಲೇ ಬದಲಾಯಿಸಿದರೂ ಸರಿ, ರೆಸಿಸ್ಟರ್ ಹಾಕಿದರೂ ಸರಿ, ಅವಸರದ ಮಿಣುಕು ನಿಂತಾಗ ಅದರೊಡನೆ ಆ ಹಳೆಯ ಕಾವಲೂ ನಿಂತುಹೋಗುತ್ತದೆ. ಗಡಿಯಾರದಂತಹ ರಿಲೇಗೆ ದೀಪ ಇದ್ದರೂ ಒಂದೇ, ಹೋದರೂ ಒಂದೇ. ರೆಸಿಸ್ಟರಂತೂ ದೀಪ ಸತ್ತ ಮೇಲೂ ಅದರ ಪಾಲನ್ನು ತಾನೇ ಉಂಡು, ಎಲ್ಲ ಕ್ಷೇಮವೆಂದು ಸುಳ್ಳುಸಾಕ್ಷಿ ನುಡಿಯುತ್ತದೆ. ಹಿಂದಿನ ದೀಪ ಆರಿ ತಿಂಗಳಾದರೂ ಚಾಲಕನ ಮುಂದಿನ ಬಾಣದ ಗುರುತು ಶಾಂತವಾಗಿ ಮಿನುಗುತ್ತಲೇ ಇರುತ್ತದೆ.

ಯಂತ್ರ ಬಿಟ್ಟ ಕೆಲಸವನ್ನು ಇನ್ನು ಮನುಷ್ಯನೇ ಮಾಡಬೇಕು. ವಾರಕ್ಕೊಮ್ಮೆ, ದೂರದ ಪ್ರಯಾಣಕ್ಕೆ ಹೊರಡುವ ಮುನ್ನ ತಪ್ಪದೆ, ನಾಲ್ಕೂ ದೀಪಗಳನ್ನು ಮಿನುಗಿಸುವ ಗುಂಡಿಯನ್ನೊತ್ತಿ, ಕೆಳಗಿಳಿದು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದರೆ ಸಾಕು. ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿಯದು. ಸೂಚನಾ ದೀಪವಿರುವುದು ಒಳಗೆ ಕುಳಿತವನಿಗಾಗಿ ಅಲ್ಲ. ಹಿಂದೆ ಕತ್ತಲಲ್ಲಿ ಬರುತ್ತಿರುವ, ಹೆಸರೂ ತಿಳಿಯದ ಇನ್ನೊಬ್ಬ ದಾರಿಹೋಕನಿಗಾಗಿ. ಅವನು ಆ ಬೆಳಕಿನ ಮಾತನ್ನು ನಂಬಿಯೇ ಬ್ರೇಕಿನ ಮೇಲೆ ಕಾಲಿಡುತ್ತಾನೆ.